ಹೊಡೆತ ಹತ್ತಿರ ಬರುವ ತನಕ

ಕೌಂಟರ್ ಎಂಬ ಮಾತು ದಾನವ್ವನ ಕಿವಿಗೆ ಮೊದಲು ಬಿದ್ದದ್ದು ಒಂದು ಸೋಮವಾರ ಮಧ್ಯಾಹ್ನ. ಸಪ್ತಾಪುರದ ತನ್ನ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ಸೌಮ್ಯಾಳಿಗೆ ರೊಟ್ಟಿ ಕೊಡಲು ಹೋಗಿದ್ದಳು. ಟೀವಿಯೊಳಗೆ, ವಿಡಿಯೋ ಆಟದಲ್ಲಿ, ಒಬ್ಬ ದಾಂಡಿಗನೂ ಒಬ್ಬ ಹೆಣ್ಣಾಳೂ ಬಡಿದಾಡುತ್ತಿದ್ದರು. ಹೆಣ್ಣಾಳನ್ನು ಆಡಿಸುತ್ತಿದ್ದವಳು ಸೌಮ್ಯಾ.

"ನಿನ್ನಾಕಿ ಯಾಕ ಸುಮ್ಮ ನಿಂತಾಳ, ತಂಗಿ? ಹೊಡಿಯಾಕ ಬರೂದಿಲ್ಲೇನು?"

"ಬರತೈತ್ರಿ ಅವ್ವಾರ. ಅಂವ ಹೊಡೀಲಿ ಅಂತ ಕಾಯಾಕತ್ತಾಳ. ಹೊಡತ ಇನ್ನೇನು ಮೈಗೆ ಮುಟ್ಟತೈತಿ ಅನ್ನೂದ್ರಾಗ ಬಟನ್ ಒತ್ತಿದ್ರ, ಅವನ ಜೋರು ಅವನಿಗೇ ತಿರುಗತೈತಿ. ಇದಕ್ಕ ಕೌಂಟರ್ ಅಂತಾರ. ಲಗೂ ಒತ್ತಿದ್ರೂ ಹೋತು, ತಡಾ ಆದ್ರೂ ಹೋತು."

"ಹಂಚಿನ ಮ್ಯಾಲ ರೊಟ್ಟಿ ಹೊಳ್ಳಿಸಿದಂಗ ಅನ್ನು. ಮ್ಯಾಲಿನ ನೀರು ಆರೂ ಹೊತ್ತಿಗೆ ಸರಿಯಾಗಿ ಹೊಳ್ಳಿಸಬೇಕು."

"ಹಂಗಾರ ನನಗಿಂತ ನೀವ ಛಲೋ ಆಡತೀರಿ."

ಸೌಮ್ಯಾ ಝೆರಾಕ್ಸ್ ಅಂಗಡಿಯಲ್ಲಿ ದುಡಿಯುತ್ತಿದ್ದಳು. ನವನಗರದ ಆಟದ ಪಂದ್ಯದಲ್ಲಿ ಹೋದ ವರ್ಷ ಎರಡನೆಯವಳಾಗಿದ್ದಳು. ಈ ಸಲ ಗೆಲ್ಲಲೇಬೇಕೆಂಬ ಹಟ. ಮಾವಿನಹಣ್ಣಿನ ದಿನಗಳಲ್ಲಿ ಅವಳ ಕೈಯಿಂದ ಚಹಾದ ಕಪ್ಪು ಜಾರತೊಡಗಿತು. ನರಗಳು ಸಾಯುತ್ತಿವೆ, ಇದು ಕೈಯಿಂದ ಉಸಿರಿನವರೆಗೂ ಏರುತ್ತದೆ ಎಂದರು ಡಾಕ್ಟರು.

"ಪಂದ್ಯದ ತನಕ ಹೆಬ್ಬೆಟ್ಟೊಂದು ಉಳದ್ರ ಸಾಕ್ರಿ" ಎಂದಳು ಸೌಮ್ಯಾ.

ಉಳಿಯಲಿಲ್ಲ, ಬಲಗೈ ಪೂರ್ತಿ ಬಿತ್ತು. ಪಂದ್ಯದವರು ಕನಿಕರಪಟ್ಟು, ಬಟನ್ ಒತ್ತಲು ಒಬ್ಬರನ್ನು ಜೊತೆಗೆ ಕರೆತರಲು ಒಪ್ಪಿದರು. ಹೋದವಳು ದಾನವ್ವ. ಸೌಮ್ಯಾ ಎಡಗೈಯಿಂದ ಆಳನ್ನು ನಡೆಸಿದಳು, ದಾನವ್ವನ ಹೆಬ್ಬೆಟ್ಟು ಬಟನ್ನಿನ ಮೇಲಿತ್ತು. ಐವತ್ತು ವರ್ಷ ಹಂಚಿನ ಮುಂದೆ ಕುಳಿತವಳು ಒಂದು ರೊಟ್ಟಿಯನ್ನೂ ಹೊತ್ತು ತಪ್ಪಿ ಹೊಳ್ಳಿಸಿದವಳಲ್ಲ. ಆದರೆ ಟೀವಿಯಲ್ಲಿ ಎದುರಾಳಿ ಕೈ ಎತ್ತಿದಾಗಲೆಲ್ಲ ಅವಳಿಗೆ ಕಂಡದ್ದು ಪಕ್ಕದಲ್ಲಿ ಕುಳಿತ ಹುಡುಗಿಯ ಮೈ. ಅಂಜಿ ಮೊದಲೇ ಒತ್ತಿಬಿಟ್ಟಳು. ಪ್ರತಿ ಸಲವೂ. ಮೊದಲ ಸುತ್ತಿನಲ್ಲೇ ಸೋತರು.

"ನನ್ನಿಂದ ಕೆಟ್ಟಿತು, ತಂಗಿ."

"ಬಿಡ್ರಿ ಅವ್ವಾರ. ರೊಟ್ಟಿ ಹಸಿ ಉಳೀತು, ಅಷ್ಟ."



ದಸರೆಯ ಹೊತ್ತಿಗೆ ಎಡಗೈಯೂ ಬಿತ್ತು. ಸೌಮ್ಯಾಳನ್ನು ಸೇರಿಸಿದ್ದ ವಿದ್ಯಾನಗರದ ಆಸ್ಪತ್ರೆಗೆ ದಾನವ್ವ ಹಾಲಿನಲ್ಲಿ ನೆನೆಸಿದ ರೊಟ್ಟಿ ಒಯ್ದಳು. ಎರಡು ತುತ್ತು ಇಳಿಯಿತು. ಮೂರನೆಯದಕ್ಕೆ ಸೌಮ್ಯಾ ಬಾಯಿ ತೆರೆಯಲಿಲ್ಲ. ಉಸಿರು ಕೂಡಿಸಿಕೊಂಡು, ತಡೆತಡೆದು ಕೇಳಿಕೊಂಡಳು.

"ಮನಿಗೆ ಹೋಗಿ ಒಂದಾಟ ಆಡ್ರಿ ಅವ್ವಾರ. ನನ್ನಾಕಿನ್ನ ತಗೋರಿ. ಅಂವ ಕೈ ಎತ್ತಿದ ಅಂತ ಅಂಜಬ್ಯಾಡ್ರಿ. ಹೊಡತ ಹತ್ರ ಬರಲಿ. ಅಲ್ಲೀತನಕ ತಡಕೋರಿ."