ತೊಲೆ ಹಿಡಿದು ನಿಂತ ಕಾಕಾ

ಹೊಲಿಗೆ ಡಬ್ಬಿಯಲ್ಲಿ ಗುಂಡಿ ಹುಡುಕುತ್ತಿದ್ದಾಗ ಇಪ್ಪತ್ತು ಮುಖದ ನೀಲಿ ಡೈಸ್ ಕೈಗೆ ಸಿಕ್ಕಿತು. ಮೂಸಿ ನೋಡಿದೆ. ಇನ್ನೂ ತಂಬಾಕಿನ ವಾಸನೆ ಇದೆ ಅನ್ನಿಸಿತು... ಬರೀ ಇಮ್ಯಾಜಿನೇಶನ್ನೋ ಏನೋ.

ಆಗ ಭೂಕಂಪವಾಗಿ ಕೆಲವು ವರ್ಷಗಳಾಗಿದ್ದವು. ನಿಲಂಗಾದ ನಮ್ಮ ಕಲ್ಲಿನ ಮನೆ ಬಿದ್ದಿರಲಿಲ್ಲ, ಆದರೂ ಅಂಗಳದಲ್ಲಿ ತಗಡಿನ ಶೆಡ್ ಹಾಕಿಸಿದ್ದೆವು. ಹೊಸದಾಗಿ ಬಂದ ಸೊಸೆಯ ಅಡುಗೆ, ನಿದ್ದೆ ಎಲ್ಲ ಅಲ್ಲಿಯೇ. ಅವಳ ತಾಯಿ ಭೂಕಂಪದಲ್ಲಿ ಗೋಡೆಯಡಿ ಸಿಕ್ಕು ತೀರಿಕೊಂಡಿದ್ದರು. ಹೊಸ್ತಿಲು ದಾಟು ಎಂದು ನಾವು ಫೋರ್ಸ್ ಮಾಡಲಿಲ್ಲ. ಆದರೆ ಮಳೆಗಾಲ ಹತ್ತಿರ ಬಂದಂತೆ, ಅಣ್ಣನ ಸಿಮೆಂಟ್ ಮನೆಗೆ ಹೋಗಿ ಇದ್ದುಬಿಡುತ್ತೇನೆ ಎನ್ನತೊಡಗಿದ್ದಳು. ಮಗ ಅವಳೊಡನೆ ಮಾತೇ ಬಿಟ್ಟಿದ್ದ.

ಆ ರಜೆಗೆ, ಪುಣೆಯಲ್ಲಿ ಓದುತ್ತಿದ್ದ ನನ್ನ ತಮ್ಮನ ಮಗಳು ಒಂದು ಗೇಮ್ ತಂದಳು. ಕಥೆ ಹೇಳುವವಳು ಅವಳು, ಕಥೆಯೊಳಗಿನ ಒಂದೊಂದು ಕ್ಯಾರೆಕ್ಟರ್ ನಾವು. ಏನು ಮಾಡುತ್ತೇವೆಂದು ನಾವೇ ಹೇಳಬೇಕು. ಅದು ಆಗುತ್ತದೋ ಇಲ್ಲವೋ ಡೈಸ್ ಹೇಳುತ್ತದೆ. ಶೆಡ್ಡಿನ ಟೇಬಲ್ಲಿಗೆ ನಾನು, ಸೊಸೆ, ಮತ್ತೆ ಪಕ್ಕದ ಮನೆಯ ಕಾಕಾ. ಉಮರ್ಗಾ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವರು, ಕೈಯಲ್ಲಿ ಯಾವಾಗಲೂ ತಂಬಾಕು.

ಮೊದಲ ದಿನವೇ ಪಾಪ ಹುಡುಗಿ ಸೋತಳು. ಕಥೆಯಲ್ಲಿ ನಾವು ಹಳೇ ವಾಡೆಯೊಂದರಲ್ಲಿ, ದೊಡ್ಡ ಕಲ್ಲಿನ ಮನೆಯಲ್ಲಿ, ಉಳಿಯಬೇಕಿತ್ತಂತೆ. ನಾವು ಮೂವರೂ ಕಥೆಯಲ್ಲೂ ಮಂಚ ಅಂಗಳಕ್ಕೇ ಹಾಕಿದೆವು. ಅವಳ ಕಥೆಯೆಲ್ಲ ವಾಡೆಯ ಒಳಗಿತ್ತು.

“ಕಲ್ಲಿನ ವಾಡೇದಾಗ ಯಾರ ಮಲಗ್ತಾರವಾ? ನಿಮ್ಮ ಪುಣೇದವರು ಮಲಗಬೇಕು,” ಅಂದರು ಕಾಕಾ.

ಕಾನ್ವೆಂಟಿನಲ್ಲಿ ಕಲಿತ ಮ್ಯಾನರ್ಸ್ ಮರೆತು ನಾನು ಎಲ್ಲರ ಟರ್ನ್‌ನಲ್ಲೂ ಬಾಯಿ ಹಾಕುತ್ತಿದ್ದೆ. ಕಾಕಾ ಹಾಗಲ್ಲ. ಎಲ್ಲರೂ ಹತ್ತಿದರೋ ಇಲ್ಲವೋ ನೋಡಿಯೇ ಘಂಟಿ ಹೊಡೆಯುವ ಅಭ್ಯಾಸ ಟೇಬಲ್ಲಿಗೂ ಬಂದಿತ್ತು. ತಮ್ಮ ಸರದಿ ಬಂದರೂ ಸೊಸೆಯ ಕಡೆ ನೋಡಿ, ನೀ ಏನು ಮಾಡ್ತಿ ಎಂದು ಕೇಳುತ್ತಿದ್ದರು. ಅವಳು ಕಳ್ಳಿಯ ಕ್ಯಾರೆಕ್ಟರ್ ತಗೊಂಡಿದ್ದಳು. ಒಂದು ಮಧ್ಯಾಹ್ನ ನನ್ನ ರಾಣಿಯ ಕೈಯ ಚಿನ್ನದ ಬಿಲವಾರವನ್ನೇ ಕದ್ದಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ...

ಇನ್ನೊಂದು ಮಧ್ಯಾಹ್ನ ಕಥೆಯ ವಾಡೆ ಅರ್ಧ ಕುಸಿಯಿತು. ಒಳಗೆ ಮುದುಕಿಯೊಬ್ಬಳು ಕೂಗುತ್ತಿದ್ದಾಳೆ ಅಂದ ಕೂಡಲೇ ನನ್ನ ಸೋದರಸೊಸೆಗೆ ತನ್ನ ತಪ್ಪು ಹೊಳೆದು, ಬಿಟ್ಟುಬಿಡೋಣ ಅಂದಳು. ಬ್ಯಾಡ, ಹೇಳು, ಅಂದಳು ಸೊಸೆ. ಕಾಕಾನ ಪೈಲವಾನನೇ ನಮ್ಮಲ್ಲಿ ಬಲಶಾಲಿ. ನೀವು ಹೋಗಿ ಅಂದೆ.

“ನಾ ದಪ್ಪ ಅದೀನ್ರೀ ಅಕ್ಕಾರ, ಸಂದ್ಯಾಗ ಸಿಗಬೀಳ್ತೀನಿ. ನಾ ಬಾಗಿಲದ ತೊಲಿ ಹಿಡೀತೀನಿ.” ಆಮೇಲೆ ಸೊಸೆಗೆ, “ನೀ ಹೊರಗ ಬರೋತನಕಾ ಬಿಡಂಗಿಲ್ಲ ಯವ್ವಾ.”

ಒಳಗೆ ನುಗ್ಗುತ್ತೇನೆಂದು ಸೊಸೆ ಡೈಸ್ ಉರುಳಿಸಿದಳು. ಪೈಲವಾನನ ಮೈಮೇಲೆ ಕಲ್ಲು ಬೀಳುತ್ತಲೇ ಇದ್ದವು. ಹೀರೋ ಆಗಬಹುದಾಗಿದ್ದ ಟರ್ನ್‌ಗಳನ್ನೆಲ್ಲ ಕಾಕಾ ಬರೀ “ಹಿಡದೀನಿ” ಅಂತ ಹೇಳಿ ಕಳೆದರು. ಕಳ್ಳಿ ಮುದುಕಿಯನ್ನು ಹೊತ್ತು ತಂದಳು.

ಮೊದಲ ಮಳೆಗೆ ಶೆಡ್ ಸೋರಿತು. ಸೊಸೆ ಹಿಟ್ಟಿನ ಡಬ್ಬಿ ಅಪ್ಪಿಕೊಂಡು ಮನೆ ಬಾಗಿಲಲ್ಲಿ ನಿಂತಳು. ಕಾಕಾ ನಮ್ಮ ಕಟ್ಟೆಯ ಮೇಲಿದ್ದರು.

“ಕಾಕಾ, ಹಿಡದೀರೇನ್ರೀ?”

ಅವರು ನಗಲಿಲ್ಲ. ಎದ್ದು, ಎರಡೂ ಕೈ ಎತ್ತಿ ಬಾಗಿಲ ತೊಲೆಗೆ ಕೊಟ್ಟರು. “ಹಿಡದೀನಿ. ಹೋಗು.”

ಒಳಗೆ ಹೋದಳು. ಅಣ್ಣನ ಮನೆಯ ಮಾತು ಆಮೇಲೆ ಬರಲಿಲ್ಲ.

ಕಾಕಾ ಹೋಗಿ ಬಹಳ ವರ್ಷಗಳಾದವು. ಈಗ ಕಟ್ಟೆಯ ಮೇಲೆ ಕೂತು ಡೈಸ್ ಉರುಳಿಸಿದೆ. ಸಪ್ಪಳ ಕೇಳಿ ಸೊಸೆ ಒಳಗಿನಿಂದಲೇ, ಎಷ್ಟು ಬಿತ್ತು ಅತ್ತಿ, ಅಂದಳು. ಕನ್ನಡಕ ಇರಲಿಲ್ಲ, ಕಾಣವಲ್ಲದು ಅಂದೆ. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಹೊಸ್ತಿಲು ದಾಟುವಾಗ ಅವಳ ಕೈ, ಎಂದಿನಂತೆ, ತಾನಾಗಿಯೇ ಮೇಲೆದ್ದು ತೊಲೆ ಮುಟ್ಟಿತು... ಅಲ್ಲಿ ಈಗ ಯಾರ ಕೈಯೂ ಇಲ್ಲ.