ದುರಗವ್ವನಿಗಾಗಿ ಒಂದು ಪ್ರಕಟಣೆ

ನನ್ನಪ್ಪ ಅಡಿವೆಪ್ಪ ಮಾತಾಡಿದರೆ ಮುತ್ತು ಉದುರೀತು ಎಂಬಂತೆ ಬದುಕಿದವನು. ಚಿಕ್ಕಂದಿನಲ್ಲಿ ಗೌಡರ ಮನೆಯಲ್ಲಿ ಜೀತಕ್ಕಿದ್ದ, ಹತ್ತನೇ ವಯಸ್ಸಿಗೆ ಓಡಿಬಂದ. ನಮಗೆ ಹೇಳಿದ್ದು ಅಷ್ಟೇ. ಆಮೇಲೆ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿ ನನ್ನನ್ನು ಓದಿಸಿದ. ಈಗ ಅಮೆರಿಕದ ಡಬ್ಲಿನ್ನಿನ ನಮ್ಮ ಮನೆಯಲ್ಲಿದ್ದಾನೆ. ಇವತ್ತಿಗೂ ಸೋಫಾದ ಅಂಚಿನಲ್ಲೇ ಕೂರುತ್ತಾನೆ, ನನಗೆ ರೇಗುತ್ತದೆ.

ಕಳೆದ ಫೆಬ್ರವರಿಯಲ್ಲಿ ಅವನನ್ನು ಲೈಬ್ರರಿಗೆ ಕರೆದುಕೊಂಡು ಹೋಗಿದ್ದೆ. ಇಲ್ಲಿ ಹಿಂದೆ ಗುಲಾಮರಾಗಿದ್ದು ಬಿಡುಗಡೆಯಾದವರು ತಮ್ಮ ಬದುಕಿನ ಬಗ್ಗೆ ಬರೆದ ಪುಸ್ತಕಗಳನ್ನು ಸಾಲಾಗಿ ಜೋಡಿಸಿದ್ದರು. ಗೋಡೆಯ ಮೇಲೆ ಹಳೆಯ ಪತ್ರಿಕೆಗಳ ಪ್ರಕಟಣೆಗಳು. ಮಾರಾಟವಾಗಿ ಹೋದ ತಮ್ಮವರನ್ನು ಹುಡುಕಿ ಅವರೇ ಹಾಕಿಸಿದವು. ಒಬ್ಬ ಮಗ ತಾಯಿಗಾಗಿ ಹಾಕಿಸಿದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ.

"ಸಿಕ್ಕಳೇನ ಆ ತಾಯಿ?" ಎಂದ ಅಪ್ಪ.

"ಗೊತ್ತಿಲ್ಲಪ್ಪ. ಬಹಳ ಮಂದಿಗೆ ಸಿಗಲಿಲ್ಲಂತ."

ವಾಪಸು ಬರುವಾಗ ಫ್ರೀವೇಯಲ್ಲಿ, "ನಮ್ಮಕ್ಕಂದೂ ಹಂಗ ಒಂದು ಹಾಕಸವಾ," ಎಂದ.

ಅಪ್ಪನಿಗೆ ಒಬ್ಬ ಅಕ್ಕ ಇದ್ದಳೆಂದು ನನ್ನ ನಲವತ್ತೆರಡನೇ ವಯಸ್ಸಿನಲ್ಲಿ ಗೊತ್ತಾದದ್ದು ಹೀಗೆ. ದುರಗವ್ವ, ಅವನಿಗಿಂತ ಎರಡು ವರ್ಷ ದೊಡ್ಡವಳು, ಅದೇ ಗೌಡರ ಮನೆಯಲ್ಲಿ ಸಗಣಿ ಬಾಚುತ್ತಿದ್ದವಳು. ಅವನು ಓಡಿದ, ಅವಳು ಉಳಿದಳು. ಆಮೇಲೆ ಅವನು ಆ ಕಡೆ ತಲೆ ಹಾಕಲಿಲ್ಲ. ಮೊದಲು ಹೆದರಿಕೆ, ಬರಬರುತ್ತ ನಾಚಿಕೆ. ನನಗೆ ಕೆಟ್ಟ ಸಿಟ್ಟು ಬಂತು. "ಅಕಿನ್ನೂ ಕರಕೊಂಡು ಬರಬೇಕಿತ್ತಲ್ಲಪ್ಪ," ಎಂದೆ. ಆಡಬಾರದಿತ್ತು. ಅವನು ಅಕ್ಕನ ಗುರುತು ಒಂದೊಂದಾಗಿ ಹೇಳತೊಡಗಿದ.

ಊರು, ಗೌಡರ ಮನೆತನ, ಅವಳ ಮೊಣಕೈ ಮೇಲಿನ ಹಚ್ಚೆ, ಎಲ್ಲ ಬರೆದು ಆ ಕಡೆಯ ವಾಟ್ಸಾಪ್ ಗುಂಪುಗಳಿಗೆ ಕಳಿಸಿದೆ. ಅಕ್ಕ ಬದುಕಿದ್ದಾಳೆಯೇ ಎಂದು ಅಪ್ಪ ಒಮ್ಮೆಯೂ ಕೇಳಲಿಲ್ಲ. ತಾನು ಓಡಿದ ದಿನ ಗೌಡ ಅವಳಿಗೆ ಹೊಡೆದಿರಬಹುದೇ ಎಂದಷ್ಟೇ ದಿನಾ ಕೇಳುತ್ತಿದ್ದ.

ಹತ್ತೊಂಬತ್ತನೇ ದಿನ ಫೋನು ಬಂತು. ಲಾಸ್ಯಾ, ದುರಗವ್ವನ ಮೊಮ್ಮಗಳು, ಬಾಗಲಕೋಟೆಯಲ್ಲಿ ನರ್ಸು. ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಅಪ್ಪ ಅಳಲಿಲ್ಲ. "ಅವತ್ತು ಅಕಿಗೆ ಬಡಿದ್ರೇನವಾ?" ಎಂದ.

"ಹೌದ್ರಿ ಅಜ್ಜಾರ. ಒಂದು ಕಿವಿನ ಹೋಗಿತ್ತು. ತಮ್ಮ ಎಲ್ಲಿ ಹೋದ ಹೇಳು ಅಂತ ಮೂರು ದಿನ ಬಡಿದ್ರಂತ. ಅಜ್ಜಿ ಬಾಯಿ ಬಿಡಲಿಲ್ಲಂತ. ನಮ್ಮ ಮನ್ಯಾಗ ಎಲ್ಲಾರೂ ಇದನ್ನ ಹೆಮ್ಮಿಲೆ ಹೇಳ್ತೀವ್ರಿ."

ಅಪ್ಪ ಫೋನಿನ ಮೇಲೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದ.

"ಅಕಿಗೆ ಗೊತ್ತಿದ್ರಲ್ಲಾ ಶೈಲಾ, ಹೇಳೋದು. ಅಳ್ತಾಳ, ಎಲ್ಲಾರೂ ಏಳ್ತಾರ ಅಂತ ನಾ ಅಕಿಗೆ ಹೇಳದನ ರಾತ್ರಿ ಓಡಿ ಬಂದಿದ್ದೆ."