ಗೂಡಿನ ಅಂಚಿಗೆ ಬಂದ ಮರಿ

"ಸೂಜಿ ತೆಗೆಯಮ್ಮ. ಖಲಾಸ್," ಎಂದೆ.

ಡಯಾಲಿಸಿಸ್ ಇನ್ನೂ ಅರ್ಧವೂ ಮುಗಿದಿರಲಿಲ್ಲ. ಕುವೈತಿನ ಅಹ್ಮದಿಯಲ್ಲಿ ಇಷ್ಟು ವರ್ಷ ಪಂಪು ರಿಪೇರಿ ಮಾಡಿದವನು ನಾನು. ನನ್ನನ್ನೇ ಒಂದು ಪಂಪಿಗೆ ಕಟ್ಟಿಹಾಕಿದ್ದು ಸಹಿಸಲಾಗಲಿಲ್ಲ.

ಉಡುಪಿ ಕಡೆಯ ನರ್ಸ್ ಗಾಬರಿಯಾದಳು. "ಅಂಕಲ್, ಈಗ ನಿಲ್ಲಿಸಿದ್ರೆ ಮೈಯಲ್ಲಿ ನೀರು ನಿಂತು ಉಸಿರಾಡ್ಲಿಕ್ಕೆ ಕಷ್ಟ ಆಗ್ತದೆ. ಇನ್ನು ಸ್ವಲ್ಪ ಹೊತ್ತು ಉಂಟಷ್ಟೆ."

"ಆಗಲಿ."

ಪಕ್ಕದ ಹಾಸಿಗೆಯ ಕುವೈತಿ ಮುದುಕ ತನ್ನ ಟ್ಯಾಬನ್ನು ನನ್ನತ್ತ ತಿರುಗಿಸಿದ. "ಭಾಯಿ, ಜಗಳ ಆಮೇಲೆ ಮಾಡು. ಮೊದಲು ಇದನ್ನು ನೋಡು," ಎಂದ ಹಿಂದಿಯಲ್ಲಿ.

ಅಮೆರಿಕದ ಯಾವುದೋ ಬೆಟ್ಟ. ಬಂಡೆಯ ಗೂಡಿನಲ್ಲಿ ಕಾಂಡೋರ್ ಎಂಬ ದೊಡ್ಡ ರಣಹದ್ದಿನ ಮರಿ. ಅಲ್ಲಿ ಯಾರೋ ಕ್ಯಾಮೆರಾ ಇಟ್ಟಿದ್ದರು. ಮರಿ ಅಂಚಿಗೆ ಬಂದು ರೆಕ್ಕೆ ಬಡಿಯಿತು, ಕೆಳಗೆ ನೋಡಿತು, ಹಿಂದಕ್ಕೆ ಓಡಿತು. ಆಮೇಲೆ ಏನೂ ಆಗದ ಹಾಗೆ ಒಂದು ಕಡ್ಡಿ ಕಚ್ಚಿಕೊಂಡು ಆಡತೊಡಗಿತು.

"ಪುಕ್ಕಲು," ಎಂದೆ.

"ನಿನಗಿಂತ ವಾಸಿ. ಅದು ಮತ್ತೆ ಅಂಚಿಗೆ ಬರುತ್ತೆ."

ನರ್ಸ್ ನಕ್ಕುಬಿಟ್ಟಳು. ನನಗೆ ಸಿಟ್ಟು ಬಂತು, ಆದರೆ ಟ್ಯಾಬಿನಿಂದ ಕಣ್ಣು ಕೀಳಲಾಗಲಿಲ್ಲ. ಮರಿ ಮತ್ತೆ ಬಂತು, ಮತ್ತೆ ಓಡಿತು. ಒಮ್ಮೆ ಗಾಳಿ ಅದನ್ನು ಎತ್ತಿಬಿಟ್ಟಾಗ ನಾನೂ ಎದ್ದು ಕೂತೆ. ಯಂತ್ರ ಕೂಗಿಕೊಂಡಿತು.

"ಕೈ ಅಲ್ಲಾಡಿಸ್ಬೇಡಿ ಅಂಕಲ್!"

"ಸುಮ್ಮನಿರಮ್ಮ, ಬೀಳುತ್ತೆ ಅದು!"

ಬೀಳಲಿಲ್ಲ. ಹಾರಲೂ ಇಲ್ಲ. ನರ್ಸ್ ಸೂಜಿ ತೆಗೆಯಲು ಬಂದಾಗಲೇ ಹೊತ್ತು ಮುಗಿದದ್ದು ತಿಳಿಯಿತು. ಅವತ್ತು ನನ್ನನ್ನು ಉಳಿಸಿದ್ದು ಆ ಮುದುಕ. "ಶುಕ್ರನ್" ಎಂದು ಅರಬ್ಬಿಯಲ್ಲೇ ಧನ್ಯವಾದ ಹೇಳೋಣವೆಂದು ತಿರುಗಿದರೆ ಅವನು ಗೊರಕೆ ಹೊಡೆಯುತ್ತಿದ್ದ.

ಮುಂದಿನ ಸರದಿಗೆ ಬೇಗ ಹೋಗಿ, ಅವನ ಪಕ್ಕದ ಹಾಸಿಗೆಯನ್ನೇ ಕೇಳಿ ಪಡೆದೆ.